ಗ್ರಿಡ್ಡಿಯ ಸಗಟು ಕರೆಂಟ್, ಫಿಕ್ಸೆಡ್, ಫ್ರೀ ನೈಟ್ಸ್: ಟೆಕ್ಸಸ್‌ನಲ್ಲಿ ನಾನು ಬಳಸಿ ನೋಡಿದ ಪ್ಲಾನ್‌ಗಳು

ಡಾಲಸ್ ಕಡೆಗೆ ಹೊಸದಾಗಿ ಬಂದ ಕನ್ನಡದವರು ಮನೆ ಹಿಡಿದ ವಾರದಲ್ಲೇ ಕೇಳುವ ಪ್ರಶ್ನೆ: ಕರೆಂಟ್ ಯಾವ ಕಂಪನಿಯಿಂದ ತಗೊಳ್ಳೋದು? ಬೆಂಗಳೂರಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಇರುವುದು ಬೆಸ್ಕಾಂ, ದರ ನಿಗದಿ ಮಾಡುವುದು ಕೆಇಆರ್‌ಸಿ, ಅಷ್ಟೇ. ಟೆಕ್ಸಸ್‌ನಲ್ಲಿ 2002ರ ಜನವರಿಯಿಂದ ಡಾಲಸ್, ಹ್ಯೂಸ್ಟನ್ ಥರದ ಊರುಗಳಲ್ಲಿ ಗ್ರಾಹಕರೇ ಕಂಪನಿ ಆರಿಸಿಕೊಳ್ಳಬೇಕು. ಆಸ್ಟಿನ್, ಸ್ಯಾನ್ ಆಂಟೋನಿಯೋದವರಿಗೆ ಈ ತಲೆನೋವಿಲ್ಲ, ಅಲ್ಲಿ ಇವತ್ತಿಗೂ ಊರಿನದೇ ಸಂಸ್ಥೆ ಕರೆಂಟ್ ಕೊಡುತ್ತದೆ.

ಮೊದಲು ಒಂದು ವಿಷಯ ಗೊತ್ತಿರಲಿ. ಯಾವ ಕಂಪನಿ ಹಿಡಿದರೂ ಮನೆಗೆ ಬರುವ ತಂತಿ ಅದೇ, ಕರೆಂಟೂ ಅದೇ. ಡಾಲಸ್‌ನಲ್ಲಿ ಕಂಬ, ತಂತಿ, ಮೀಟರ್ ಎಲ್ಲ ಆನ್ಕೋರ್‌ನದು. ಹ್ಯೂಸ್ಟನ್‌ನಲ್ಲಿ ಸೆಂಟರ್‌ಪಾಯಿಂಟ್‌ನದು. ಕರೆಂಟ್ ಹೋದರೆ ಫೋನ್ ಮಾಡಬೇಕಾದದ್ದೂ ಅವರಿಗೇ. ತಂತಿಯ ಬಾಡಿಗೆ ಯಾವ ಪ್ಲಾನ್‌ಗೂ ಒಂದೇ. ಹಾಗಾದರೆ ಈ ನೂರಾರು ಪ್ಲಾನ್‌ಗಳು ಮಾರುವುದೇನನ್ನು? ನನ್ನ ಪ್ರಕಾರ ಒಂದನ್ನೇ: ಕಂಪನಿಗಳು ಉತ್ಪಾದಕರಿಂದ ಕರೆಂಟ್ ಕೊಳ್ಳುವ ಸಗಟು ಮಾರುಕಟ್ಟೆಯಲ್ಲಿ ಬೆಲೆ ಏರಿದಾಗ ಆ ಭಾರ ಯಾರು ಹೊರಬೇಕು, ಕಂಪನಿಯೋ ನೀವೋ. ಯೂನಿಟ್‌ಗೆ ಎಷ್ಟು ಸೆಂಟ್ ಅನ್ನುವುದಕ್ಕಿಂತ ಮುಂಚೆ ಇದನ್ನು ನೋಡಬೇಕು. ಕೆಳಗಿನ ಹೋಲಿಕೆಯನ್ನೂ ಅದೇ ಲೆಕ್ಕದಲ್ಲಿ ಮಾಡಿದ್ದೇನೆ.

ಗ್ರಿಡ್ಡಿಯಿಂದ ಶುರು ಮಾಡುತ್ತೇನೆ. ಈಗ ಆ ಕಂಪನಿ ಇಲ್ಲ. ಆದರೂ ಅದನ್ನು ಬಿಟ್ಟು ಉಳಿದವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ಗ್ರಿಡ್ಡಿಯ ಮಾತು ಕೇಳಲು ತುಂಬಾ ಚೆನ್ನಾಗಿತ್ತು. ತಿಂಗಳಿಗೆ 9.99 ಡಾಲರ್ ಚಂದಾ ಕೊಡಿ, ಸಗಟು ಮಾರುಕಟ್ಟೆಯ ಬೆಲೆಗೇ ಕರೆಂಟ್ ಕೊಡುತ್ತೇವೆ, ಯೂನಿಟ್ ಮೇಲೆ ನಮಗೆ ಲಾಭ ಬೇಡ ಅನ್ನುವುದು ಅವರ ಒಪ್ಪಂದ. ಆ್ಯಪ್‌ನಲ್ಲಿ ಐದೈದು ನಿಮಿಷಕ್ಕೆ ಬೆಲೆ ಬದಲಾಗುತ್ತಿತ್ತು. ಸಾಮಾನ್ಯ ದಿನಗಳಲ್ಲಿ ಸಗಟು ಬೆಲೆ ಯೂನಿಟ್‌ಗೆ ಎರಡು ಮೂರು ಸೆಂಟ್ ಇರುತ್ತಿತ್ತು. ವಸಂತ ಕಾಲದ ಕೆಲವು ರಾತ್ರಿ ಪಶ್ಚಿಮ ಟೆಕ್ಸಸ್‌ನ ಗಾಳಿಯಂತ್ರಗಳು ಜೋರಾಗಿ ತಿರುಗುವಾಗ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದೂ ಇತ್ತು, ಅಂದರೆ ಕರೆಂಟ್ ಬಳಸಿದ್ದಕ್ಕೆ ನಮ್ಮ ಖಾತೆಗೇ ಒಂದಿಷ್ಟು ಬಂದು ಬೀಳುತ್ತಿತ್ತು. ನಾನು 2019ರ ವಸಂತದಲ್ಲಿ ಹಾಕಿಸಿಕೊಂಡೆ. ಬಿಲ್ ನಿಜಕ್ಕೂ ಇಳಿಯಿತು. ಲೆಕ್ಕ ಪಾರದರ್ಶಕವಾಗಿತ್ತು, ಯಾವ ಗಂಟೆಗೆ ಎಷ್ಟು ಬಳಸಿದೆ, ಎಷ್ಟು ಬಿತ್ತು ಅನ್ನುವುದೆಲ್ಲ ಕಾಣುತ್ತಿತ್ತು. ಇದನ್ನು ಮೆಚ್ಚಿಕೊಳ್ಳಲೇಬೇಕು, ಬೇರೆ ಯಾವ ಪ್ಲಾನಿನಲ್ಲೂ ಕರೆಂಟಿನ ನಿಜವಾದ ಬೆಲೆ ನನಗೆ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಆಮೇಲೆ ಆಗಸ್ಟ್ ಬಂತು. 2019ರ ಆಗಸ್ಟ್ 13 ಮತ್ತು 15ರ ಮಧ್ಯಾಹ್ನ ಇಡೀ ರಾಜ್ಯ ಎಸಿ ಹಾಕಿಕೊಂಡು ಕೂತಿದ್ದಾಗ ಸಗಟು ಬೆಲೆ ಮೇಲ್ಮಿತಿ ಮುಟ್ಟಿತು: ಮೆಗಾವ್ಯಾಟ್ ಗಂಟೆಗೆ 9,000 ಡಾಲರ್. ಮನೆ ಲೆಕ್ಕದಲ್ಲಿ ಒಂದು ಯೂನಿಟ್‌ಗೆ 9 ಡಾಲರ್. ಎರಡು ಮೂರು ಸೆಂಟ್ ಎಲ್ಲಿ, ಒಂಬೈನೂರು ಸೆಂಟ್ ಎಲ್ಲಿ! ಸ್ವಲ್ಪ ಹೊತ್ತು ಮಾತ್ರ ಅಷ್ಟಿತ್ತು, ನಿಜ. ಆ್ಯಪ್ ಎಚ್ಚರಿಸಿತು, ನಾವು ಎಸಿ ಆರಿಸಿ ಸೆಕೆಯಲ್ಲಿ ಕೂತೆವು. ಆದರೆ ಮನೆಯಲ್ಲಿ ವಯಸ್ಸಾದವರೋ ಎಳೆಯ ಮಗುವೋ ಇದ್ದರೆ ಡಾಲಸ್‌ನ ಆಗಸ್ಟ್ ಮಧ್ಯಾಹ್ನ ಎಸಿ ಆರಿಸಲು ಆಗುತ್ತದಾ? ಬೆಲೆ ನೋಡಿಕೊಂಡು ಬಳಕೆ ತಗ್ಗಿಸುವ ಶಕ್ತಿ ಇರುವವರಿಗೆ ಮಾತ್ರ ಈ ಪ್ಲಾನ್ ಸರಿ ಅಂತ ಆವತ್ತೇ ಅನ್ನಿಸಿತು. ಆ ಶರತ್ಕಾಲದಲ್ಲಿ ಫಿಕ್ಸೆಡ್ ಪ್ಲಾನ್‌ಗೆ ಹೋದೆ. ಬಿಡುವುದಕ್ಕೆ ದಂಡ ಏನೂ ಇರಲಿಲ್ಲ, ಅದೂ ಗ್ರಿಡ್ಡಿಯ ಒಳ್ಳೆಯ ಗುಣವೇ.

ಫೆಬ್ರವರಿ 2021ರಲ್ಲಿ ಆದದ್ದು ಮಾತ್ರ ಆಗಸ್ಟ್‌ನ ಥರದ ಸ್ವಲ್ಪ ಹೊತ್ತಿನ ಏರಿಕೆಯಲ್ಲ. 15ರ ಬೆಳಗಿನ ಜಾವ ಒಂದೂವರೆ ಗಂಟೆಯ ಹೊತ್ತಿಗೆ, ಚಳಿಗೆ ಗ್ಯಾಸ್ ಬಾವಿಗಳೂ ವಿದ್ಯುತ್ ಘಟಕಗಳೂ ಹೆಪ್ಪುಗಟ್ಟಿ ನಿಂತಾಗ, ರಾಜ್ಯದ ಗ್ರಿಡ್ ನಡೆಸುವ ಎರ್ಕಾಟ್ ಮನೆಗಳ ಕರೆಂಟ್ ಕತ್ತರಿಸಲು ಶುರು ಮಾಡಿತು. ಗ್ರಿಡ್ ಪೂರ್ತಿ ಕುಸಿಯಲು ನಾಲ್ಕೂವರೆ ನಿಮಿಷವಷ್ಟೇ ಬಾಕಿ ಇತ್ತು ಅಂತ ಆಮೇಲೆ ಎರ್ಕಾಟ್‌ನವರೇ ಹೇಳಿದರು. 45 ಲಕ್ಷಕ್ಕೂ ಜಾಸ್ತಿ ಮನೆಗಳು ಕತ್ತಲಾದವು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು.

ಬೆಲೆಯ ಕಥೆ ಇನ್ನೂ ವಿಚಿತ್ರ. ಮನೆಗಳ ಕರೆಂಟ್ ಕತ್ತರಿಸಿದ್ದರಿಂದ ಬೇಡಿಕೆ ತಗ್ಗಿದಂತೆ ಕಾಣಿಸಿ ಕಂಪ್ಯೂಟರ್ ಲೆಕ್ಕದಲ್ಲಿ ಬೆಲೆ ಮೇಲ್ಮಿತಿಗಿಂತ ಎಷ್ಟೋ ಕೆಳಗೆ ಇಳಿಯುತ್ತಿತ್ತು. ಇಷ್ಟು ಕೊರತೆ ಇರುವಾಗ ಬೆಲೆ ಮೇಲ್ಮಿತಿಯಲ್ಲೇ ಇರಬೇಕು ಅಂತ ರಾಜ್ಯದ ಪಬ್ಲಿಕ್ ಯುಟಿಲಿಟಿ ಕಮಿಷನ್ ಆದೇಶ ಮಾಡಿತು. ಹಾಗಾಗಿ 9 ಡಾಲರ್ ಬೆಲೆ ದಿನಗಟ್ಟಲೆ ನಿಂತಿತು. ಕರೆಂಟ್ ಕತ್ತರಿಸುವುದು 17ರ ಮಧ್ಯರಾತ್ರಿಗೆ ನಿಂತರೂ ಬೆಲೆ ಇಳಿದದ್ದು 19ರ ಬೆಳಿಗ್ಗೆ. ಆ ಕೊನೆಯ ಗಂಟೆಗಳ ಬೆಲೆ ತಪ್ಪು, ಅದರಿಂದಲೇ ಸುಮಾರು 1,600 ಕೋಟಿ ಡಾಲರ್ ಹೆಚ್ಚಾಗಿ ಬಿದ್ದಿದೆ ಅಂತ ಮಾರುಕಟ್ಟೆಯ ಮೇಲೆ ಕಣ್ಣಿಡುವ ಪೊಟೊಮ್ಯಾಕ್ ಎಕನಾಮಿಕ್ಸ್ ಹೇಳಿತು. ಕಮಿಷನ್ ಲೆಕ್ಕ ತಿದ್ದಲು ಒಪ್ಪಲಿಲ್ಲ.

ಈಗ ಒಂದು ಮನೆಯ ಲೆಕ್ಕ ಹಾಕಿ ನೋಡಿ. ಟೆಕ್ಸಸ್‌ನ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಚಳಿಗೆ ಹೀಟರ್ ಓಡುವುದು ಕರೆಂಟ್‌ನಿಂದಲೇ. ಸರಾಸರಿ ಮೂರು ಕಿಲೋವ್ಯಾಟ್ ಎಳೆಯುವ ಮನೆ ದಿನಕ್ಕೆ 72 ಯೂನಿಟ್ ಬಳಸುತ್ತದೆ. ಯೂನಿಟ್‌ಗೆ 9 ಡಾಲರ್ ಅಂದರೆ ದಿನಕ್ಕೆ 648 ಡಾಲರ್! ಗ್ರಿಡ್ಡಿಯವರು ತಮ್ಮ ಸುಮಾರು 29,000 ಗ್ರಾಹಕರಿಗೆ ಮುಂಚೆಯೇ ಸಂದೇಶ ಕಳಿಸಿ, ದಯವಿಟ್ಟು ಬೇಗ ಬೇರೆ ಕಂಪನಿಗೆ ಹೋಗಿ ಅಂದರು. ಆದರೆ ಅದು ವಾರಾಂತ್ಯ, ಸೋಮವಾರ ಬೇರೆ ರಜೆ, ಎಷ್ಟೋ ಕಂಪನಿಗಳು ಆ ಹೊತ್ತಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಗ್ರಿಡ್ಡಿಯಲ್ಲಿ ಹಣ ಕಾರ್ಡಿನಿಂದ ತಾನಾಗಿಯೇ ಕಡಿತ ಆಗುತ್ತಿತ್ತು. ತಿಂಗಳ ಕೊನೆಯ ಬಿಲ್ ನೋಡಿ ಜಗಳ ಆಡೋಣ ಅಂದರೆ ಅಷ್ಟರಲ್ಲಿ ಬ್ಯಾಂಕ್ ಖಾತೆಯೇ ಖಾಲಿ. ಡಾಲಸ್ ಪಕ್ಕದ ಊರಿನ ಒಬ್ಬರ ಬಿಲ್ 16 ಸಾವಿರ ಡಾಲರ್ ದಾಟಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಮುಂದಿನದು ಬೇಗ ಬೇಗ ನಡೆಯಿತು. ಹಣ ಕಟ್ಟಿಲ್ಲ ಅಂತ ಫೆಬ್ರವರಿ 26ಕ್ಕೆ ಎರ್ಕಾಟ್ ಗ್ರಿಡ್ಡಿಯನ್ನು ಮಾರುಕಟ್ಟೆಯಿಂದ ಹೊರಗೆ ಹಾಕಿತು. ಉಳಿದಿದ್ದ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವರ್ಗ ಮಾಡಿದರು. ಮಾರ್ಚ್ 1ಕ್ಕೆ ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಕೇಸು ಹಾಕಿದರು. ಜನರನ್ನು ದಾರಿ ತಪ್ಪಿಸುವ ಜಾಹೀರಾತು ಕೊಟ್ಟಿದ್ದಾರೆ ಅನ್ನುವುದು ಆರೋಪ. 15ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಒಪ್ಪಂದದಲ್ಲಿ ಸುಮಾರು 24,000 ಗ್ರಾಹಕರ 2.9 ಕೋಟಿ ಡಾಲರ್ ಬಾಕಿ ಮನ್ನಾ ಆಯಿತು. ಅದೇ ವರ್ಷ ರಾಜ್ಯದ ಶಾಸನಸಭೆ ಮನೆಗಳಿಗೆ ಸಗಟು ಬೆಲೆಯ ಪ್ಲಾನ್ ಮಾರುವುದನ್ನೇ ನಿಷೇಧಿಸಿತು. ಒಳ್ಳೆಯದೇ ಆಯಿತು ಅಂತ ನಾನು ಮನಸಾರೆ ಹೇಳುತ್ತೇನೆ.

ಗ್ರಿಡ್ಡಿ ಮೋಸದ ಕಂಪನಿಯೇ? ನನಗೆ ಹಾಗನ್ನಿಸುವುದಿಲ್ಲ. 9 ಡಾಲರ್ ಬೆಲೆ ಅವರು ಇಟ್ಟದ್ದಲ್ಲ, ಅದರಿಂದ ಅವರಿಗೆ ಲಾಭವೂ ಬರಲಿಲ್ಲ. ಆದರೆ ಅಗ್ಗ ಅಂತ ಜಾಹೀರಾತು ಮಾಡುವಾಗ, ಯಾಕೆ ಅಗ್ಗ ಅನ್ನುವುದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು. ಬೆಲೆ ಏರಿಕೆಯ ಭಾರವನ್ನು ಕಂಪನಿ ಒಂದಿಷ್ಟೂ ಹೊರುತ್ತಿರಲಿಲ್ಲ, ಪೂರ್ತಿ ಗ್ರಾಹಕರ ಮೇಲಿತ್ತು, ಅದಕ್ಕೇ ಅಗ್ಗ. ಸಂಬಳದಲ್ಲಿ ಬದುಕುವ ಕುಟುಂಬಕ್ಕೆ ಮೇಲ್ಮಿತಿ ಇಲ್ಲದ ಬಿಲ್ ಮಾರಬಾರದು. ಅದನ್ನು ಇಷ್ಟು ವರ್ಷ ಮಾರಲು ಬಿಟ್ಟ ಕಮಿಷನ್ನಿನ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟಿದೆ.

ಇನ್ನು ಫಿಕ್ಸೆಡ್ ಪ್ಲಾನ್. ಹನ್ನೆರಡೋ ಇಪ್ಪತ್ತನಾಲ್ಕೋ ತಿಂಗಳಿಗೆ ಯೂನಿಟ್ ದರ ನಿಗದಿ. ಸಾಮಾನ್ಯ ತಿಂಗಳಲ್ಲಿ ಗ್ರಿಡ್ಡಿಗಿಂತ ದುಬಾರಿ ಬಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದ್ದಾಗ, ಇದ್ದಷ್ಟು ಹೊತ್ತು ಹೀಟರ್ ಹಾಕಲು ಹೆದರಬೇಕಾಗಲಿಲ್ಲ. ಬಿಲ್‌ನಲ್ಲಿ ದರ ಒಂದು ಸೆಂಟ್ ಕೂಡ ಬದಲಾಗಲಿಲ್ಲ. ಭಾರ ಹೊತ್ತದ್ದು ಕಂಪನಿ. ಹೊರಲಾಗದ ಕಂಪನಿಗಳೂ ಇದ್ದವು: ಎಂಟ್ರಸ್ಟ್ ಎನರ್ಜಿ ಅದೇ ಮಾರ್ಚ್‌ನಲ್ಲಿ ದಿವಾಳಿಯಾಯಿತು. ಹಾಗೆ ಮುಳುಗಿದರೆ ನಿಮ್ಮನ್ನು ಕೊನೆಯ ಆಸರೆಯ ಕಂಪನಿಗೆ ಹಾಕುತ್ತಾರೆ, ಕರೆಂಟ್ ನಿಲ್ಲುವುದಿಲ್ಲ, ಆದರೆ ದರ ಜಾಸ್ತಿ. ಅಂಥ ಹೊತ್ತಿನಲ್ಲಿ ಕೂಡಲೇ ಬೇರೆ ಪ್ಲಾನ್ ಹಿಡಿಯಬೇಕು. ಹೆಸರೇ ಕೇಳದ ಕಂಪನಿಯ ಅತಿ ಅಗ್ಗದ ಫಿಕ್ಸೆಡ್ ದರಕ್ಕಿಂತ ಅರ್ಧ ಸೆಂಟ್ ಜಾಸ್ತಿಯ ಹಳೆಯ ಕಂಪನಿ ವಾಸಿ ಅನ್ನುವುದು ಇದಕ್ಕೇ.

ಬಿಲ್ ಕ್ರೆಡಿಟ್ ಪ್ಲಾನ್ ಬಗ್ಗೆ ಎಚ್ಚರಿಕೆಯಿಂದಿರಿ. ಕಮಿಷನ್ ನಡೆಸುವ ಪವರ್ ಟು ಚೂಸ್ ತಾಣದಲ್ಲಿ ಅಗ್ಗದ ಪ್ಲಾನ್ ಅಂತ ಮೊದಲು ಕಣ್ಣಿಗೆ ಬೀಳುವುದು ಇವೇ, ಯಾಕೆಂದರೆ ಅಲ್ಲಿ ಹೋಲಿಕೆ ನಡೆಯುವುದು ತಿಂಗಳಿಗೆ 1,000 ಯೂನಿಟ್ ಲೆಕ್ಕದಲ್ಲಿ. ಯೂನಿಟ್‌ಗೆ 16 ಸೆಂಟ್, 1,000 ಮುಟ್ಟಿದರೆ 100 ಡಾಲರ್ ವಾಪಸ್ ಅಂದುಕೊಳ್ಳಿ. ಸರಿಯಾಗಿ 1,000 ಬಳಸಿದರೆ 60 ಡಾಲರ್, ಅಂದರೆ 6 ಸೆಂಟ್. 999 ಬಳಸಿದರೆ 159 ಡಾಲರ್ 84 ಸೆಂಟ್! ಒಂದು ಯೂನಿಟ್‌ಗೆ ಸುಮಾರು ನೂರು ಡಾಲರ್ ವ್ಯತ್ಯಾಸ. ನಾನು ಒಂದು ಕಂಪನಿಯ ಇಂಥ ಪ್ಲಾನ್ ಬಳಸಿದಾಗ ಬೇಸಿಗೆಯಲ್ಲಿ ಪರವಾಗಿಲ್ಲ ಅನ್ನಿಸಿತು, ಮಾರ್ಚ್, ನವೆಂಬರ್‌ನಂಥ ತಿಂಗಳಲ್ಲಿ ಎಸಿಯೂ ಇಲ್ಲದೆ ಹೀಟರೂ ಇಲ್ಲದೆ ಬಳಕೆ ಕಡಿಮೆಯಾಗಿ ಬಿಲ್ ಏರಿತು. ಕರೆಂಟ್ ಉಳಿಸಿದವರಿಗೇ ದಂಡ ಹಾಕುವ ಇಂಥ ಪ್ಲಾನ್ ನನಗೆ ಸುತರಾಂ ಇಷ್ಟವಿಲ್ಲ.

ಫ್ರೀ ನೈಟ್ಸ್ ಎಲ್ಲರಿಗೂ ಅಲ್ಲ. ರಾತ್ರಿ ಎಂಟೋ ಒಂಬತ್ತೋ ಗಂಟೆಯಿಂದ ಬೆಳಿಗ್ಗೆವರೆಗೆ ಯೂನಿಟ್ ಉಚಿತ, ಹಗಲಿನ ದರ ಮಾತ್ರ ಸುಮಾರು ಎರಡು ಪಟ್ಟು. ಬಟ್ಟೆ ಒಗೆಯುವುದು, ಪಾತ್ರೆ ಮೆಷಿನ್, ದೋಸೆ ಹಿಟ್ಟು ರುಬ್ಬುವುದು ಎಲ್ಲವನ್ನೂ ರಾತ್ರಿಗೆ ತಳ್ಳಿದೆವು. ಆದರೆ ಇವೆಲ್ಲ ಸೇರಿದರೂ ಮಧ್ಯಾಹ್ನದ ಎಸಿಗೆ ಸಾಟಿಯಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ, ಊರಿಂದ ಅಪ್ಪ ಅಮ್ಮ ಬಂದು ಹಗಲೆಲ್ಲ ಮನೆಯಲ್ಲಿ ಇರುವವರಿಗೆ ಸುಮ್ನೆ ನಷ್ಟ. ಎಲೆಕ್ಟ್ರಿಕ್ ಕಾರು ರಾತ್ರಿ ಚಾರ್ಜ್ ಮಾಡುವವರಿಗೆ ಮಾತ್ರ ನಿಜವಾದ ಲಾಭ.

ಕೊನೆಯದು ವೇರಿಯಬಲ್, ಅಂದರೆ ತಿಂಗಳು ತಿಂಗಳು ಕಂಪನಿಯೇ ದರ ಬದಲಿಸುವ ಪ್ಲಾನ್. ಫಿಕ್ಸೆಡ್ ಮುಗಿದು ನೀವು ಏನೂ ಮಾಡದಿದ್ದರೆ ತಾನಾಗಿಯೇ ಇದಕ್ಕೆ ಜಾರುತ್ತೀರಿ. ಸಗಟು ಪ್ಲಾನ್ ನಿಷೇಧ ಆದ ಮೇಲೆ ಇವತ್ತು ಗ್ರಿಡ್ಡಿಗೆ ಹತ್ತಿರ ಇರುವುದು ಇದೇ, ಆದರೆ ಗ್ರಿಡ್ಡಿಯಲ್ಲಿದ್ದ ಪಾರದರ್ಶಕತೆ ಇದರಲ್ಲಿ ಇಲ್ಲ. ದರ ಯಾಕೆ ಏರಿತು ಅಂತ ನಿಮಗೆ ಗೊತ್ತಾಗುವುದಿಲ್ಲ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಸಗಟು ಬೆಲೆಯ ಮೇಲ್ಮಿತಿಯನ್ನು 2022ರಿಂದ 5,000 ಡಾಲರ್‌ಗೆ ಇಳಿಸಿದ್ದಾರೆ. ಆದರೂ ಅದು ಯೂನಿಟ್‌ಗೆ 5 ಡಾಲರ್, ಯಾವ ಮನೆಗೂ ಹೊರಲಾಗದ್ದು. ನನ್ನ ಆಯ್ಕೆ ಈಗಲೂ ಕ್ರೆಡಿಟ್ ಗಿಕ್ರೆಡಿಟ್ ಇಲ್ಲದ ಸಾದಾ ಫಿಕ್ಸೆಡ್. ಸಹಿ ಮಾಡುವ ಮುಂಚೆ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್, ಅಂದರೆ ಆ ಪ್ಲಾನಿನ ದರಪಟ್ಟಿ, ತೆರೆದು 500, 1,000, 2,000 ಯೂನಿಟ್‌ನ ದರಗಳನ್ನು ನೋಡಿ. ಮೂರೂ ಹತ್ತಿರ ಹತ್ತಿರ ಇದ್ದರೆ ಸಾದಾ ಪ್ಲಾನ್, 1,000ಕ್ಕೆ ಮಾತ್ರ ದಿಢೀರ್ ಕೆಳಗಿದ್ದರೆ ಕ್ರೆಡಿಟ್ ಆಟ. ಒಪ್ಪಂದ ಆಗಸ್ಟ್‌ನಲ್ಲೋ ಜನವರಿಯಲ್ಲೋ ಮುಗಿಯದ ಹಾಗೆ ತಿಂಗಳು ಎಣಿಸಿ ಆರಿಸಿ, ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು, ಆಗ ಹೊಸ ದರಗಳು ಸಾಮಾನ್ಯವಾಗಿ ಕಡಿಮೆ ಇರುತ್ತವೆ. ಮುಗಿಯುವ ದಿನಕ್ಕೆ 14 ದಿನ ಇರುವಾಗಿನಿಂದ ದಂಡ ಇಲ್ಲದೆ ಬೇರೆ ಕಡೆ ಹೋಗಬಹುದು. ಫೋನಿನಲ್ಲಿ ಆ ತಾರೀಕಿಗೆ ಒಂದು ಅಲಾರಂ ಇಟ್ಟುಬಿಡಿ.