ಚೋಯಾ ನಖ್ ಅತ್ತರು: ಸೀಸೆ ಬದಲಾಯಿತು, ಗಂಧ ಎಲ್ಲಿ ಹೋಯಿತು?

ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜಿನ ಚೋಯಾ ನಖ್ ಎಲ್ಲರಿಗೂ ಹಿಡಿಸುವ ಅತ್ತರಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಲ್ಲಿಗೆ, ಗುಲಾಬಿ ಅಂತ ಬಂದವರು ಬಿರಡೆ ತೆಗೆದರೆ ಮೂಗು ಮುಚ್ಚಿಕೊಂಡಾರು. ಸಮುದ್ರದ ಚಿಪ್ಪುಗಳನ್ನು ನೀರು ಹಾಕದೆ ಮಡಕೆಯಲ್ಲಿ ಸುಟ್ಟು, ಏಳುವ ಹೊಗೆಯನ್ನು ಗಂಧದೆಣ್ಣೆಗೆ ಇಳಿಸಿ ಮಾಡುವ ಸರಕು. ಮಾಲ್‌ಗಳಲ್ಲಿ 'ಓಷನ್' ಅಂತ ಮಾರುವ ಸ್ಪ್ರೇಗಳಲ್ಲಿ ಕಲ್ಲಂಗಡಿಯಂಥ ತಂಪು ವಾಸನೆ ಇರುತ್ತದಲ್ಲ, ಅದು ಕ್ಯಾಲೋನ್, 1966ರಲ್ಲಿ ಫೈಜರ್ ಕಂಪನಿಯವರು ಕಂಡುಕೊಂಡ ರಾಸಾಯನಿಕ. ಚೋಯಾ ನಖ್‌ನಲ್ಲಿರುವ ಸಮುದ್ರ ಬೇರೆ: ಡಾಂಬರು, ಉಪ್ಪು, ಮಲ್ಪೆ ಬಂದರಿನ ಗಾಳಿ.

ಸ್ನಾನ ಮುಗಿದು ಮೈ ಇನ್ನೂ ಬೆಚ್ಚಗಿರುವಾಗಲೇ ಹಚ್ಚಿಕೊಳ್ಳುವುದು ನನ್ನ ರೂಢಿ. ಗಾಜಿನ ಕಡ್ಡಿಯನ್ನು ಸೀಸೆಯ ಬಾಯಿಗೆ ಒರೆಸಿ, ಉಳಿದಷ್ಟನ್ನು ಕಿವಿಯ ಹಿಂದೆ ಸವರುತ್ತೇನೆ. ಆಮೇಲೂ ಕಡ್ಡಿಯಲ್ಲಿ ಮಿಕ್ಕಿದ್ದನ್ನು ಚೂರು ಹತ್ತಿಗೆ ಒತ್ತಿ, ಹಳೇ ಅತ್ತರಿನವರ ಹಾಗೆ ಕಿವಿಯ ಮಡಿಕೆಗೆ ಸಿಕ್ಕಿಸುತ್ತೇನೆ. ನಂತರ ನಿಧಾನಕ್ಕೆ ಕಾಫಿ, ಪೇಪರು. ಹಚ್ಚಿದ ಕೂಡಲೇ ಆಫೀಸಿನ ಲಿಫ್ಟ್ ಹತ್ತಿದರೆ ಜನ ಎಲ್ಲೋ ವೈರು ಸುಡುತ್ತಿದೆ ಅಂತ ಹುಡುಕುತ್ತಾರೆ. ಗಂಟೆ ಕಳೆದರೆ ಹೊಗೆ ಹಿಂದೆ ಸರಿದು ಗಂಧ ಮುಂದೆ ಬರುತ್ತದೆ, ಉಪ್ಪು ಮಾತ್ರ ಸಂಜೆವರೆಗೂ ತಳದಲ್ಲೇ ಕೂತಿರುತ್ತದೆ. ಬನಿಯನ್ನಿಗೆ ತಾಗಿದ್ದು ಒಗೆದರೂ ಹೋಗುವುದಿಲ್ಲ. ಅತ್ತರಿನ ಬಣ್ಣ ಗಾಢ ಕಂದು, ಬಿಳಿ ಕಾಲರು ಜೋಪಾನ.

ಇಷ್ಟು ಹೊಗಳಿದ್ದು ಮೊದಲ ಸೀಸೆಯನ್ನು. ಎರಡನೆಯದಕ್ಕೂ ಅದೇ ಅಂಗಡಿ, ಅದೇ ಲೇಬಲ್ಲು, ಅದೇ ದರ. ಹೊಗೆ ಇದೆ, ಚಿಪ್ಪು ಇದೆ, ಗಂಧ ಇಲ್ಲ! ಮಧ್ಯಾಹ್ನದ ಊಟದ ಹೊತ್ತಿಗೆ ಚರ್ಮದ ಮೇಲೆ ಬರೀ ಜಿಡ್ಡು. ಗಂಧದೆಣ್ಣೆ ದುಬಾರಿಯಾದ ಮೇಲೆ ಎಷ್ಟೋ ಅತ್ತರುಗಳಿಗೆ ಲಿಕ್ವಿಡ್ ಪ್ಯಾರಾಫಿನ್, ಇಲ್ಲವೇ ಪ್ಲಾಸ್ಟಿಕ್ ಮೆತ್ತಗಾಗಿಸಲು ಬಳಸುವ ಡಿಒಪಿ ಅನ್ನುವ ರಾಸಾಯನಿಕ ಬೆರೆಸುವುದು ಗೊತ್ತಿರುವ ವಿಷಯವೇ. ಬೆರೆಸಲಿ, ಆದರೆ ಸೀಸೆಯ ಮೇಲೆ ಬರೆದು ದರ ಇಳಿಸಲಿ. ಕೇಳಿದರೆ ಅಂಗಡಿಯವರದು "ಮಾಲು ಅದೇ ಸಾರ್" ಅನ್ನುವ ಉತ್ತರ. 1916ರಲ್ಲೇ ಸರ್ಕಾರಿ ಗಂಧದೆಣ್ಣೆ ತೆಗೆಯಲು ಶುರುಮಾಡಿದ ಮೈಸೂರು ಸೀಮೆಯ ಮೂಗಿಗೆ ಈ ಸಬೂಬು ನಡೆಯುತ್ತದೆಯೇ?

ಆ ದರಕ್ಕೆ ನನ್ನಂಥ ಸಂಬಳದವನು ವರ್ಷಕ್ಕೊಂದು ಸೀಸೆ ಕೊಂಡರೆ ಹೆಚ್ಚು. ನೀವು ಕೊಳ್ಳುವುದಾದರೆ ಮೊದಲು ಸಣ್ಣ ಸ್ಯಾಂಪಲ್ ಕೇಳಿ. ಅಂಗಡಿಯಲ್ಲಿ ನಿಂತು ಮೂಸಿ ತೀರ್ಮಾನಿಸಬೇಡಿ, ಆಗ ಗಂಧದೆಣ್ಣೆಯದೂ ಬೆರಕೆಯದೂ ಒಂದೇ ಥರ ಇರುತ್ತವೆ. ಮುಂಗೈಗೆ ಹಚ್ಚಿಕೊಂಡು ಮನೆಗೆ ಹೋಗಿ, ಸಂಜೆಗೂ ಗಂಧ ಉಳಿದಿದ್ದರೆ ಮಾತ್ರ ದುಡ್ಡು ಕೊಡಿ.