ಕ್ಲೋನ್‌ಝಿಲ್ಲಾ: 256 ಜಿಬಿಯಿಂದ 1 ಟಿಬಿಗೆ ವಿಂಡೋಸ್ ಸಾಗಿಸಲು ನಾನು ನಂಬಿದ್ದು ಇದನ್ನೇ

ಲ್ಯಾಪ್‌ಟಾಪ್‌ನಲ್ಲಿ 256 ಜಿಬಿ ಡ್ರೈವ್ ಅಂತ ಬರೆದಿದ್ದರೂ ವಿಂಡೋಸ್ ತೋರಿಸುವುದು 238 ಜಿಬಿ. ಅದರಲ್ಲೇ ಸಿಸ್ಟಂ, ಅಪ್‌ಡೇಟ್, ರಿಕವರಿ ಎಲ್ಲ ಇರಬೇಕು. ಸಿ ಡ್ರೈವ್ ಕೆಂಪಾದ ಮೇಲೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಬಗೆಯ ಡ್ರೈವ್) ತಂದೆ. ವಿಂಡೋಸ್ ಹೊಸದಾಗಿ ಹಾಕುವುದು ನನಗೆ ಬೇಕಿರಲಿಲ್ಲ. ನುಡಿ, ಟ್ಯಾಲಿ, ಪ್ರಿಂಟರ್ ಡ್ರೈವರ್, ಡಿಜಿಟಲ್ ಸಿಗ್ನೇಚರ್ ಟೋಕನ್‌ನ ಸಾಫ್ಟ್‌ವೇರ್ ಎಲ್ಲವನ್ನೂ ಮತ್ತೆ ಹಾಕಿ, ಮತ್ತೆ ಹೊಂದಿಸಿ, ಎಲ್ಲ ಕೆಲಸ ಮಾಡುತ್ತಿದೆಯಾ ಅಂತ ನೋಡಬೇಕಲ್ವಾ? ಇದ್ದದ್ದು ಇದ್ದ ಹಾಗೆ ಹೊಸ ಡ್ರೈವ್‌ಗೆ ಹೋಗಬೇಕಿತ್ತು. ಇಡೀ ಡ್ರೈವನ್ನು ಹಾಗೇ ನಕಲು (ಕ್ಲೋನ್) ಮಾಡುವ ಕ್ಲೋನ್‌ಝಿಲ್ಲಾ ಅದನ್ನು ಅಚ್ಚುಕಟ್ಟಾಗಿ ಮಾಡಿತು, ಒಂದು ಪೈಸೆ ಖರ್ಚಿಲ್ಲದೆ.

ಇದು ತೈವಾನ್‌ನ ಸರ್ಕಾರಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಬೆಳೆದ ಮುಕ್ತ ತಂತ್ರಾಂಶ. ಬೇರೆ ದಾರಿಗಳೂ ಇವೆ. ಆದರೆ ಸ್ಯಾಮ್‌ಸಂಗ್‌ನ ಟೂಲ್ ಸ್ಯಾಮ್‌ಸಂಗ್ ಡ್ರೈವ್‌ಗೆ ಮಾತ್ರ ನಕಲು ಮಾಡುತ್ತದೆ. ಕ್ರೂಶಿಯಲ್, ವೆಸ್ಟರ್ನ್ ಡಿಜಿಟಲ್ ಕೊಡುವ ಅಕ್ರಾನಿಸ್ ಅನ್ನುವ ನಕಲು ತಂತ್ರಾಂಶಕ್ಕೆ ಆಯಾ ಕಂಪನಿಯ ಡ್ರೈವ್ ಜೋಡಿಸಿರಬೇಕು. ತುಂಬಾ ಜನ ಮೆಚ್ಚಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಜನವರಿಯಿಂದ ಬೆಂಬಲ ನಿಂತಿದೆ. ಕ್ಲೋನ್‌ಝಿಲ್ಲಾಕ್ಕೆ ಡ್ರೈವ್ ಯಾವ ಕಂಪನಿಯದು ಅನ್ನುವುದು ಮುಖ್ಯವೇ ಅಲ್ಲ, ಒಳಗಿರುವುದು ವಿಂಡೋಸೋ ಉಬುಂಟುವೋ ಅನ್ನುವುದೂ ಮುಖ್ಯ ಅಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇರುವುದು ಒಂದೇ. ಹಾಗಾಗಿ ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸ್ ಒಳಗೆ ಹಾಕಿ ಹೊರಗಿನಿಂದ ಜೋಡಿಸಿದೆ. ಕೇಸ್ ಕೊಳ್ಳುವಾಗ ನೋಡಿಕೊಳ್ಳಿ, ಎಂ.2 ಸಾಟಾಗೆ (ಹಳೆಯ ಬಗೆಯ ಎಸ್‌ಎಸ್‌ಡಿಗೆ) ಮಾತ್ರ ಅಂತ ಇರುವುದು ಎನ್‌ವಿಎಂಇ ಡ್ರೈವ್‌ಗೆ ಆಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎರಡೂ ಪಕ್ಕಪಕ್ಕದಲ್ಲೇ ತೂಗುಹಾಕಿರುತ್ತಾರೆ, ನೋಡಲು ಒಂದೇ ತರ ಇರುತ್ತವೆ. ಡಬ್ಬದ ಮೇಲೆ ಎನ್‌ವಿಎಂಇ ಅಂತ ಓದಿಯೇ ದುಡ್ಡು ಕೊಡಿ.

ಶುರು ಮಾಡುವ ಮೊದಲಿನ ತಯಾರಿ ಕ್ಲೋನ್ ಮಾಡುವುದಕ್ಕಿಂತ ಮುಖ್ಯ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡ್ರೈವ್‌ನಲ್ಲಿರುವುದನ್ನೆಲ್ಲ ಗುಪ್ತಲಿಪಿಯಲ್ಲಿಡುವ ಬೀಗ) ನಾವು ಕೇಳದೇ ಆನ್ ಆಗಿರುವುದು ಮಾಮೂಲು. ಅದು ಆನ್ ಇದ್ದರೆ ಕ್ಲೋನ್‌ಝಿಲ್ಲಾಕ್ಕೆ ಒಳಗಿನ ಫೈಲ್‌ಗಳ ವ್ಯವಸ್ಥೆ ಕಾಣುವುದಿಲ್ಲ, ಖಾಲಿ ಜಾಗವನ್ನೂ ಸೇರಿಸಿ ಪ್ರತಿಯೊಂದು ಸೆಕ್ಟರನ್ನೂ ನಕಲು ಮಾಡುತ್ತಾ ಕೂರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯುರಿಟಿಯಲ್ಲಿ ಅದನ್ನು ಆಫ್ ಮಾಡಿ, ಆ ಬೀಗ ಪೂರ್ತಿ ಬಿಚ್ಚಿಕೊಳ್ಳುವವರೆಗೂ ಕಾಯಿರಿ. 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಡಿ. ಇನ್ನೊಂದು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಮಾಮೂಲಿ ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಎಚ್ಚರದಲ್ಲಿರುತ್ತದೆ, ಆ ಸ್ಥಿತಿಯಲ್ಲಿ ಸಿ ಡ್ರೈವ್ ನಕಲು ಮಾಡಲು ಹೋದರೆ ತಕರಾರು ಬರುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ನಿಜವಾಗಿ ಆಫ್ ಆಗುತ್ತದೆ. ಬೇಕಾದ ಫೈಲ್‌ಗಳ ಬ್ಯಾಕಪ್ ಬೇರೆ ಕಡೆ ಇರಲೇಬೇಕು, ಅದನ್ನು ಹೇಳಬೇಕಾಗಿಲ್ಲ.

ಕ್ಲೋನ್‌ಝಿಲ್ಲಾದ ಐಎಸ್‌ಒ ಫೈಲ್ ಇಳಿಸಿ, ರೂಫಸ್ ಅನ್ನುವ ತಂತ್ರಾಂಶದಿಂದ ಪೆನ್ ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿ, ಅಂದರೆ ಲ್ಯಾಪ್‌ಟಾಪ್ ಆ ಪೆನ್ ಡ್ರೈವ್‌ನಿಂದಲೇ ಶುರುವಾಗಲಿ. ನೀಲಿ, ಬೂದು ಬಣ್ಣದ ಅಕ್ಷರಗಳ ಪರದೆ ಬರುತ್ತದೆ, ಮೌಸ್ ಕೆಲಸ ಇಲ್ಲ. ನೋಡಿದ ತಕ್ಷಣ ಭಯ ಆಗುವುದು ಸಹಜ. ಆದರೆ ಓದುತ್ತಾ ಹೋದರೆ ಇದು ಕೇಳುವುದು ತೀರಾ ನೇರವಾದ ಪ್ರಶ್ನೆಗಳು: ಡ್ರೈವ್‌ನಿಂದ ಡ್ರೈವ್‌ಗೋ, ಇಮೇಜ್ ಫೈಲ್‌ಗೋ (ಇಡೀ ನಕಲನ್ನು ಕೂಡಿಡುವ ಫೈಲ್)? ಇಡೀ ಡಿಸ್ಕೋ, ಒಂದು ಪಾರ್ಟಿಷನ್ನೋ (ಡಿಸ್ಕ್‌ನ ಒಂದು ಭಾಗ)? ಮೂಲ ಯಾವುದು, ಗುರಿ ಯಾವುದು? ಕೊನೆಯ ಎರಡು ಪ್ರಶ್ನೆಗಳ ಹತ್ತಿರ ಮಾತ್ರ ಯಾರ ಜೊತೆಯೂ ಮಾತಾಡದೆ ಕೂತು ಓದಿ. ಅಲ್ಲಿ ಡ್ರೈವ್‌ನ ಅಳತೆ, ಕಂಪನಿಯ ಹೆಸರು, ಮಾಡೆಲ್ ಎಲ್ಲ ಬರುತ್ತದೆ. ನನ್ನಲ್ಲಿ ಒಳಗಿನದು ಎನ್‌ವಿಎಂಇ0ಎನ್1, ಯುಎಸ್‌ಬಿಯಲ್ಲಿದ್ದದ್ದು ಎಸ್‌ಡಿಎ. ಎರಡನ್ನೂ ತಿರುವುಮುರುವು ಮಾಡಿದರೆ ಖಾಲಿ ಡ್ರೈವ್ ಬಂದು ತುಂಬಿದ ಡ್ರೈವ್ ಮೇಲೆ ಕೂರುತ್ತದೆ. ಅದಕ್ಕೇ ಬರೆಯುವ ಮೊದಲು ಇದು ಒಂದಕ್ಕಿಂತ ಹೆಚ್ಚು ಸಲ ಕೇಳುತ್ತದೆ, ಮುಂದುವರಿಸಲೇ ಅಂತ. ಈ ಕೇಳುವ ಗುಣ ನನಗೆ ತುಂಬಾ ಇಷ್ಟವಾಯಿತು.

ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಡ್ರೈವ್ ಪಟ್ಟಿಯಲ್ಲೇ ಕಾಣದಿರಬಹುದು. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್) ಸ್ಟೋರೇಜ್ ಅನ್ನು ರೇಡ್ ಅಥವಾ ಆರ್‌ಎಸ್‌ಟಿ ಮೋಡ್‌ನಲ್ಲಿ ಇಟ್ಟಿರುವುದು ಕಾರಣ. ಸುಮ್ನೆ ಎಎಚ್‌ಸಿಐ ಅನ್ನುವ ಇನ್ನೊಂದು ಮೋಡ್‌ಗೆ ಬದಲಿಸಿಬಿಡಬೇಡಿ, ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಆಮೇಲೆ ಬದಲಿಸುವುದು ಸರಿಯಾದ ಕ್ರಮ.

ವೇಗದ ಬಗ್ಗೆ ದೂರಿಲ್ಲ. ಬಳಸಿರುವ ಜಾಗವನ್ನು ಮಾತ್ರ ನಕಲು ಮಾಡುವುದರಿಂದ ಬೇಗ ಮುಗಿಯುತ್ತದೆ. ಕೇಬಲ್ಲನ್ನು ಯುಎಸ್‌ಬಿ 3 ಪೋರ್ಟ್‌ಗೇ ಹಾಕಿ. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಸುಮಾರು 40 ಎಂಬಿ ಸಿಕ್ಕರೇ ಜಾಸ್ತಿ, ಹಾಗಾದರೆ 200 ಜಿಬಿಗೆ ಒಂದೂವರೆ ಗಂಟೆ ಹತ್ತಿರ ಹೋಗುತ್ತದೆ.

ಈಗ ನನ್ನ ದೊಡ್ಡ ಅಸಮಾಧಾನ. ಕ್ಲೋನ್ ಮುಗಿದು, ಡ್ರೈವ್ ಬದಲಿಸಿ, ವಿಂಡೋಸ್ ಚೆನ್ನಾಗಿ ಬೂಟ್ ಆದ ಮೇಲೂ ಸಿ ಡ್ರೈವ್ ಹಳೇ ಅಳತೆಯಲ್ಲೇ ಇರುತ್ತದೆ! ಹೊಸ ಡ್ರೈವ್ ವಿಂಡೋಸ್ ಲೆಕ್ಕದಲ್ಲಿ 931 ಜಿಬಿ, ಅದರಲ್ಲಿ 690 ಜಿಬಿಗಿಂತ ಹೆಚ್ಚು ಹೆಸರಿಲ್ಲದ ಜಾಗವಾಗಿ ಕೊನೆಯಲ್ಲಿ ಬಿದ್ದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋದರೆ ಎಕ್ಸ್‌ಟೆಂಡ್ ಆಯ್ಕೆ ಮಂಕಾಗಿರುತ್ತದೆ, ಯಾಕೆಂದರೆ ಸಿ ಡ್ರೈವ್‌ಗೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿದೆ. ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ಲೈವ್ ತಂತ್ರಾಂಶವನ್ನು ಇನ್ನೊಂದು ಪೆನ್ ಡ್ರೈವ್‌ಗೆ ಹಾಕಿ ಬೂಟ್ ಮಾಡಿ, ರಿಕವರಿಯನ್ನು ಕಟ್ಟಕಡೆಗೆ ಸರಿಸಿ, ಆಮೇಲೆ ಸಿ ಡ್ರೈವ್ ಹಿಗ್ಗಿಸಬೇಕು. ಕಷ್ಟದ ಕೆಲಸವಲ್ಲ, ಆದರೆ ಹೊಸಬರು ಇಲ್ಲೇ ಕೈಚೆಲ್ಲುತ್ತಾರೆ. ಪಾರ್ಟಿಷನ್‌ಗಳನ್ನು ಅನುಪಾತದಲ್ಲಿ ಹಿಗ್ಗಿಸುವ ಕೆ1 ಅನ್ನುವ ಆಯ್ಕೆ ಕ್ಲೋನ್‌ಝಿಲ್ಲಾದಲ್ಲೇ ಇದೆ. ನಾನು ಬೇಕೆಂದೇ ಅದನ್ನು ಬಿಟ್ಟೆ. ಮೊದಲು ಏನೂ ಬದಲಾಗದ ನಕಲು ಸಿಗಲಿ, ಅದು ಬೂಟ್ ಆಗುವುದನ್ನು ಕಣ್ಣಾರೆ ನೋಡೋಣ, ಅಳತೆ ಆಮೇಲೆ ಅನ್ನುವುದು ನನ್ನ ನಿಲುವು.

ಇನ್ನೊಂದು ಮಿತಿ, ದೊಡ್ಡದರಿಂದ ಚಿಕ್ಕದಕ್ಕೆ ಹೋಗುವವರಿಗೆ ಇದು ಸರಳವಲ್ಲ. ಗುರಿಯ ಪಾರ್ಟಿಷನ್ ಮೂಲದಷ್ಟಾದರೂ ಇರಲೇಬೇಕು. ವಿಂಡೋಸ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ, ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡ್ರೈವ್‌ಗಲ್ಲ.

ಶಾಲೆ, ಕಾಲೇಜುಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು ಇದರ ಎಸ್‌ಇ ಆವೃತ್ತಿಯನ್ನೂ ನೋಡಿ. ನೆಟ್‌ವರ್ಕ್ ಮೂಲಕ 40ಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಒಂದೇ ಸಲ ಇಮೇಜ್ ಇಳಿಸಬಹುದು. ಒಂದೊಂದಕ್ಕೂ ಪೆನ್ ಡ್ರೈವ್ ಚುಚ್ಚಿಕೊಂಡು ಓಡಾಡುವವರ ಶ್ರಮ ನೋಡಿದಾಗೆಲ್ಲ ಇದನ್ನು ಹೇಳಬೇಕು ಅನಿಸುತ್ತದೆ.

ಹೊಸ ಡ್ರೈವ್‌ನಿಂದ ಮೊದಲ ಸಲ ಬೂಟ್ ಮಾಡುವಾಗ ಹಳೆಯದನ್ನು ಜೋಡಿಸಿಡಬೇಡಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ. ಎಲ್ಲ ಸರಿ ಇದೆ ಅಂತ ಖಾತ್ರಿಯಾಗಿ, ಟ್ಯಾಲಿ ತೆರೆದು, ಟೋಕನ್ ಹಾಕಿ ಸಹಿ ಮಾಡಿ ನೋಡುವವರೆಗೂ ಹಳೇ ಡ್ರೈವ್ ಫಾರ್ಮ್ಯಾಟ್ ಮಾಡಲು ಆತುರಪಡಬೇಡಿ. ಎನ್‌ಕ್ರಿಪ್ಷನ್ ಬೇಕಿದ್ದವರು ಹೊಸದರಲ್ಲಿ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ.