ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿ: ನಿಧಾನ, ಆದ್ರೆ ಕೇಬಲ್ ಕೆಲಸ ಪಕ್ಕಾ

ಶಿವಮೊಗ್ಗದಲ್ಲಿ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡೋರಿಗೇನೂ ಬರವಿಲ್ಲ. ಸ್ಲಾಟಿಗೆ ಒತ್ತಿ ಸ್ಕ್ರೂ ಬಿಗಿಯೋದು ಯಾರಿಗಾದರೂ ಬರುತ್ತೆ. ಪವರ್ ಕೇಬಲ್ ಹತ್ತಿರ ಬಂದಾಗಲೇ ಬಂಡವಾಳ ಗೊತ್ತಾಗೋದು.

ನನ್ನ ಹಳೇ ಜಿಟಿಎಕ್ಸ್ 1650 ಕಾರ್ಡಿಗೆ ಬೇರೆ ಕೇಬಲ್ಲೇ ಬೇಕಿರಲಿಲ್ಲ, ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಓಡುತ್ತಿತ್ತು. ಈಗ ತಂದಿರೋ ಆರ್‌ಎಕ್ಸ್ 6700 ಎಕ್ಸ್‌ಟಿಗೆ 230 ವ್ಯಾಟ್ ಬೇಕು. ಅದಕ್ಕೆ ಒಂದು 8 ಪಿನ್, ಒಂದು 6 ಪಿನ್ ಪವರ್ ಪ್ಲಗ್. ಮೊದಲು ವಿಚಾರಿಸಿದ ಇನ್ನೊಂದು ಅಂಗಡಿಯವರು 6 ಪಿನ್ನಿಗೆ ಸಾಟಾ (ಹಾರ್ಡ್ ಡಿಸ್ಕಿಗೆ ಹಾಕೋ ಪವರ್ ಪ್ಲಗ್) ಕನ್ವರ್ಟರ್ ಹಾಕಿದರಾಯ್ತು ಸಾರ್ ಅಂದರು. ಸಾಟಾ ಪ್ಲಗ್ ತಡೆಯೋದು 54 ವ್ಯಾಟ್, 6 ಪಿನ್ ಕೇಳೋದು 75. ಸುಮ್ನೆ ಎದ್ದು ಬಂದೆ.

ದುರ್ಗಿಗುಡಿ ಅಂಗಡಿಯ ಹುಡುಗ ಮಾತು ಕಡಿಮೆ. ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ) ಮೇಲಿನ ಸ್ಟಿಕ್ಕರ್ ಓದಿ, 650 ವ್ಯಾಟ್ ಇದೆ ಸಾಕು ಅಂದ. ಆಮೇಲೆ ಎರಡು 8 ಪಿನ್ ಕೇಬಲ್ ಟ್ಯೂಬ್‌ಲೈಟ್ ಕೆಳಗೆ ಹಿಡಿದು ತೋರಿಸಿದ: ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳೋದು ಸಿಪಿಯುದು, ಆರು ಎರಡಾಗಿ ಬಿಡಿಸಿಕೊಳ್ಳೋದು ಕಾರ್ಡಿಂದು. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ಪ್ಲಗ್ ಇದ್ದರೂ ಅದೊಂದನ್ನೇ ನಂಬಿ ಕೂರದೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆದ. ಲೋಡ್ ಹಂಚಿಹೋಗುತ್ತೆ, ವೈರು ಬಿಸಿಯಾಗಲ್ಲ. ಕ್ಲಿಪ್ ಟಕ್ ಅನ್ನೋವರೆಗೂ ಒತ್ತಿದ, ಆಮೇಲೆ ಮೆಲ್ಲಗೆ ಹಿಂದಕ್ಕೆಳೆದು ನೋಡಿದ. ಇದನ್ನು ಮಾಡೋರು ಎಷ್ಟು ಜನ ಇದ್ದಾರೆ ಹೇಳಿ?

ಎರಡನೇ ಕೇಬಲ್ ಗಿಡ್ಡ ಅನ್ನಿಸಿ, ಮನೆಯಲ್ಲಿ ಬೇರೆ ಕಂಪನಿ ಎಸ್‌ಎಂಪಿಎಸ್‌ದು ಇದೆ ತರ್ಲಾ ಅಂದೆ. "ಬೇಡ ಸಾರ್, ಪ್ಲಗ್ ಕೂರುತ್ತೆ, ಆದ್ರೆ ಆ ಕಡೆ ಪಿನ್ ಜೋಡಣೆ ಬೇರೆ ಇರುತ್ತೆ, ಕಾರ್ಡ್ ಸುಟ್ಟುಹೋಗುತ್ತೆ" ಅಂದ. ನಿಜಾನೇ. ಕಾರ್ಡ್ ಕಡೆಯ ತುದಿ ಎಲ್ಲಾ ಕಡೆ ಒಂದೇ, ಎಸ್‌ಎಂಪಿಎಸ್ ಕಡೆಯದು ಕಂಪನಿಗೊಂದು ಥರ.

ಬೇಜಾರು ಏನಂದ್ರೆ, ಮಧ್ಯೆ ಮಧ್ಯೆ ಪ್ರಿಂಟರ್ ರಿಪೇರಿಗೆ ಬಂದವರಿಗೆಲ್ಲ ಎದ್ದು ಹೋಗ್ತಾನೆ. ಕೇಬಲ್ ಟೈ ಹಾಕಿಲ್ಲ, ಹಿಂದುಗಡೆ ವೈರೆಲ್ಲ ಜೋತಾಡ್ತಿದೆ. ಗೇಮ್ ಓಡಿಸಿ ತೋರಿಸಿ ಅಂತ ನಾನೇ ಕೇಳಬೇಕಾಯ್ತು. ಕರೆಂಟು ಹೋಗಿದ್ದಕ್ಕೆ ಅವನನ್ನ ಬೈಯೋದು ತಪ್ಪು, ಮಳೆಗಾಲದಲ್ಲಿ ಅದು ಇದ್ದದ್ದೇ. ಆ ರಸ್ತೆಯಲ್ಲಿ ಬೈಕ್ ನಿಲ್ಲಿಸೋಕೂ ಜಾಗ ಇಲ್ಲ.

ಹೋಗೋದಾದ್ರೆ ಎಸ್‌ಎಂಪಿಎಸ್ ಜೊತೆ ಬಂದ ಕೇಬಲ್ ಚೀಲ ಹುಡುಕಿ ತಗೊಂಡು ಹೋಗಿ, ನಿಮ್ಮ ಮಾಡೆಲ್ಲಿನ ಕೇಬಲ್ ಅಂಗಡಿಯಲ್ಲಿ ಸಿಗಲ್ಲ.